ಎಡ ಅಂಚಿನ ಎಳೆ

ದುಂಡೇಶ ಜಂಭದ ಮನುಷ್ಯ. ಒಂದು ಕೀಲು ಬಿಗಿ ಮಾಡಿದರೂ ಊರಿಗೆಲ್ಲ ಸಾರಿ ಬರುವವ. ಈ ವಿಷಯದಲ್ಲಿ ಬನಹಟ್ಟಿಯ ನೇಕಾರರಿಗೆ ಎರಡು ಮಾತಿರಲಿಲ್ಲ. ಕಾಂಚನಾಳಿಗಂತೂ ಇರಲೇ ಇಲ್ಲ.

ಹುನ್ನೂರಿನ ಒಕ್ಕಲು ಮನೆಯಲ್ಲಿ ಹುಟ್ಟಿದವನು. ಮುಧೋಳದ ದವಾಖಾನೆಯೊಂದರಲ್ಲಿ ಆರು ವರ್ಷ ಕಂಪೌಂಡರನಾಗಿದ್ದು, ಆಮೇಲೆ ಮಗ್ಗದ ರಿಪೇರಿ ಕಲಿತ. ಒಂದರಲ್ಲೂ ನೆಲೆ ನಿಲ್ಲಲಿಲ್ಲವೆಂದು ಜನ ಆಡಿಕೊಂಡರೆ, "ಒಂದ ಕಾಲಿನ ಮ್ಯಾಲ ಮಂಚ ನಿಲ್ಲತೈತೇನು?" ಎನ್ನುತ್ತಿದ್ದ.

ಈ ಬೇಸಿಗೆಯಲ್ಲಿ ಕಾಂಚನಾಳ ಕೈಮಗ್ಗದ ಮೇಲೆ ಎಳೆಗಳು ಹರಿಯತೊಡಗಿದವು. ನೂಲು ಕೊಟ್ಟಿದ್ದ ಸಾಹುಕಾರ ಗಿರಿಮಲ್ಲಪ್ಪ, ಗುರುವಾರದೊಳಗೆ ಮಗ್ಗದಿಂದ ಸೀರೆ ಇಳಿಯದಿದ್ದರೆ ಉದ್ದೆಳೆಗಳ ಹಾಸನ್ನು ಬಿಚ್ಚಿ ಬೇರೆ ಮನೆಗೆ ಕೊಡುವುದಾಗಿ ಹೇಳಿಹೋದರು. ಹಾಸು ಹೋದರೆ ಮಗ್ಗ ಬರಿದು. ಕಾಂಚನಾ ಬಲ್ಲ ಮದ್ದು ಒಂದೇ, ಗಂಜಿ. ದಿನದಿನಕ್ಕೂ ಗಟ್ಟಿ ಮಾಡಿ ಎಳೆಗಳಿಗೆ ಹಚ್ಚಿದಳು. ಅವು ಇನ್ನಷ್ಟು ಹರಿದವು.

ಕೊನೆಗೆ ಕರೆಸಿದಳು. ದುಂಡೇಶ ಬಂದವನು ಮಗ್ಗ ಮುಟ್ಟಲಿಲ್ಲ.

"ಯಕ್ಕಾ, ಯಾವಾಗ ಹರೀತಾವ?"

"ಹರಿಯೂದಕ್ಕ ಮುಹೂರ್ತ ಇರತೈತೇನೋ?"

"ಜ್ವರ ಬಂದಾವನ್ನ ಡಾಕ್ಟರ್ ಮೊದಲ ಕೇಳೂದ ಅದನ್ನ, ಯಾವಾಗ ಏರತೈತಿ ಅಂತ."

ನೆನಪಿಸಿಕೊಂಡಳು. ಮಧ್ಯಾಹ್ನ ಎರಡರ ಮೇಲೆ. ಅದೂ ಎಡ ಅಂಚಿನಲ್ಲಿ ಮಾತ್ರ.

ದುಂಡೇಶ ಹೊಲದವರ ಹಾಗೆ ಬಿಸಿಲು ನೆರಳು ನೋಡುತ್ತ ಕುಳಿತ. ಎರಡಾಗುತ್ತಲೇ ಎದುರು ಮನೆಯ ಹೊಸ ತಗಡಿಗೆ ಬಡಿದ ಬಿಸಿಲು ಕಿಟಕಿಯಿಂದ ನುಗ್ಗಿ ಎಡ ಅಂಚಿನ ಮೇಲೆ ಬಿತ್ತು.

"ಅಲ್ಲಿ ನೋಡು, ಒಣಗಾಕತ್ತಾವು. ಆದ್ರ ಇಷ್ಟ ಗಂಜಿ ಹಚ್ಚಿದ ಮ್ಯಾಲೂ ಯಾಕ..." ದುಂಡೇಶ ಹರಿದ ಎಳೆಯೊಂದನ್ನು ಬೆರಳಲ್ಲಿ ತಿರುವಿ ತಿರುವಿ ನೋಡಿದ.

ಕಾಂಚನಾ ಅಡಿಗೆಮನೆಯ ರೊಟ್ಟಿ ಬುಟ್ಟಿಯತ್ತ ನೋಡಿದಳು.

"ಬಿಸಿ ರೊಟ್ಟಿ ಮಡಚತೈತಿ, ಖಡಕ್ ರೊಟ್ಟಿ ಮುರೀತೈತಿ. ನಾನ ಗಂಜಿ ಹಚ್ಚಿ ಹಚ್ಚಿ ಎಳಿ ಖಡಕ್ ಮಾಡೇನಿ."

ಗಂಜಿ ತೆಳುವಾಯಿತು, ಕಿಟಕಿಗೆ ಒದ್ದೆ ಗೋಣಿತಟ್ಟು ಬಿತ್ತು. ಗುರುವಾರ ಸೀರೆ ಇಳಿಯಿತು. ಅದನ್ನು ನೋಡಲೆಂದೇ ದುಂಡೇಶ ಬೆಳಿಗ್ಗೆಯಿಂದ ಅಲ್ಲಿ ಕುಳಿತಿದ್ದ.

ಗಿರಿಮಲ್ಲಪ್ಪ ಅಂಚನ್ನು ಬೆರಳಿನಿಂದ ಸವರಿದರು. "ಛಲೋ ಆತು. ರಬಕವಿಯೊಳಗ ಮೂರು ಮಗ್ಗಕ್ಕ ಇದ ರೋಗ ಬಂದೈತಿ. ಇದನ್ನ ಯಾರು ಹಿಡದ್ರು?"

ಇನ್ನು ದುಂಡೇಶನ ಪುರಾಣ ಶುರುವೆಂದು ಕಾಂಚನಾ ಗೋಡೆಗೆ ಒರಗಿದಳು.

"ರಬಕವಿಗೆ ಅಕ್ಕಾರನ್ನ ಕರಕೊಂಡ ಹೋಗ್ರಿ ಸಾಹುಕಾರ್ರ," ಎಂದ ದುಂಡೇಶ. "ಗಂಜೀದು ನನಗ ತಿಳೀಲಿಲ್ಲ."

ಅವಳು ಚಪ್ಪಲಿ ಮೆಟ್ಟುವವರೆಗೆ ಬಾಗಿಲಲ್ಲಿ ಕಾದು, ರಿಪೇರಿಯ ಪಾನಾಗಳ ಚೀಲ ಹೆಗಲಿಗೇರಿಸಿ ಅವಳ ಹಿಂದೆ ನಡೆದ.