ಹುಲಿಗೆವ್ವ ಒದೆಯಲಿಲ್ಲ

ಧಾರವಾಡದ ಹತ್ತಿರದ ಮುಗದ ಊರಿನ ನಮ್ಮ ದೊಡ್ಡವ್ವ ಹುಲಿಗೆವ್ವ ಹುಟ್ಟುವಾಗ ಕಾಲು ಮುಂದಾಗಿ ಬಂದವಳು. ಅಂಥವರು ಒದ್ದರೆ ಉಳುಕಿ ಹಿಡಿದ ಬೆನ್ನು ಬಿಡುತ್ತದೆಂದು ನಮ್ಮ ಕಡೆ ನಂಬಿಕೆ. ಏಳು ವರ್ಷದವಳಿದ್ದಾಗಿನಿಂದ ಅವಳನ್ನು ಸಾಲಿಯಿಂದ ಎಬ್ಬಿಸಿಕೊಂಡು ಹೋಗಿ, ಬೋರಲು ಮಲಗಿದವರ ಬೆನ್ನಿಗೆ ಎಡಗಾಲಿನಿಂದ ಮೂರು ಸಲ ಒದೆಸುತ್ತಿದ್ದರು. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟಿತು. ಒದೆಯುವುದು ಬಿಡಲಿಲ್ಲ. ಧಾರವಾಡದ ಮಾಳಮಡ್ಡಿಯಿಂದ ಕಾರು ಮಾಡಿಕೊಂಡು ಬರುವ ಕಲಿತವರೂ ಇದ್ದರು.

ಹೋದ ವರ್ಷ ಅವಳ ತಮ್ಮ ಕಲ್ಲೇಶ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಹೊಸ ಮನೆಯೊಂದರ ಗೋಡೆಗೆ ಸಿಮೆಂಟಿನ ಗಿಲಾವು ಮಾಡುವಾಗ ಮೇಲಿನಿಂದ ಬಿದ್ದ. ಜೊತೆಯ ಗೌಂಡಿಗಳು ಅವನನ್ನು ಟಂಟಂ ಗಾಡಿಯಲ್ಲಿ ಹಾಕಿಕೊಂಡು, ಹುಬ್ಬಳ್ಳಿ ಧಾರವಾಡದ ಅಷ್ಟೂ ಆಸ್ಪತ್ರೆ ದಾಟಿ, ಮುಗದಕ್ಕೆ ತಂದರು. ಒದೆಯಲು ಅಕ್ಕ ಇದ್ದಾಳಲ್ಲ!

ಅಂಗಳದಲ್ಲಿ ಚಾಪೆ ಹಾಸಿಯಾಗಿತ್ತು.

"ಕಾಲು ಆಡಸು," ಎಂದಳು ದೊಡ್ಡವ್ವ.

"ಝುಂ ಅನ್ನಾಕತ್ತಾವ ಅಕ್ಕಾ. ಲಗೂ ಒದಿ."

"ಒದಿಯಂಗಿಲ್ಲ."

ಮನೆಯ ಹಿರಿಯ ಶಿದ್ದಪ್ಪ ಕಾಕಾ ಸಿಡುಕಿದರು. "ಊರ ಮಂದಿಗೆಲ್ಲಾ ಒದಿತಿ, ಒಡಹುಟ್ಟಿದವಗ ಸೊಕ್ಕೇನವಾ?"

"ಇದು ಉಳುಕಲ್ರಿ ಕಾಕಾ, ಎರಡಾಳೆತ್ತರದಿಂದ ಬಿದ್ದಾನ. ಒಡದ ಗಡಿಗಿಗೆ ಒದ್ದರ ಕೂಡತೈತೇನು? ಅಷ್ಟು ಹುರುಪಿದ್ರ ನೀವ ಮಕ್ಕೋರಿ, ಒದಿತೇನಿ."

ಅವಳೇ ಹಿತ್ತಲ ಬಾಗಿಲಿನ ಹಲಗೆ ಕೀಳಿಸಿದಳು. ಕಲ್ಲೇಶನನ್ನು ಅಲುಗಿಸದೆ ಅದರ ಮೇಲೆ ಜಾರಿಸಿ ಕಟ್ಟಿ, ಧಾರವಾಡಕ್ಕೆ ಒಯ್ದೆವು. ದಾರಿಯುದ್ದಕ್ಕೂ ಆ ಗೌಂಡಿಗಳನ್ನು ಬೈಯುತ್ತಲೇ ಇದ್ದಳು.

ಬೆನ್ನೆಲುಬಿನ ಒಂದು ಮಣಿ ಒಡೆದಿತ್ತು. ಆಪರೇಶನ್ ಎಂದ ಕೂಡಲೆ ಕಲ್ಲೇಶನ ಹೆಂಡತಿ ವಿದ್ಯಾ ಅಳತೊಡಗಿದಳು. ಬೆನ್ನು ಕೊಯ್ಸಿಕೊಂಡವರು ಏಳುವುದಿಲ್ಲ ಎಂದು ಕಾಕಾ ಮೊದಲೇ ಹೆದರಿಸಿದ್ದರು.

"ಬೆನ್ನು ಉದ್ದಕ ಸೀಳೂದಿಲ್ರಿ," ಎಂದರು ಡಾಕ್ಟರ್ ಚಿನ್ಮಯೀ. "ಸಣ್ಣ ಸಣ್ಣ ತೂತು ಮಾಡಿ, ಪರದೆ ಮ್ಯಾಲೆ ಎಕ್ಸರೇ ನೋಡಕೋತ, ಒಳಗ ಸ್ಕ್ರೂ ಕೂಡಸ್ತೇವಿ. ರಕ್ತ ಕಡಿಮಿ ಹೋಗತೈತಿ, ಲಗೂ ಏಳ್ತಾರ."

ಮೂರನೆಯ ದಿನ ಕಲ್ಲೇಶ ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಟ್ಟ. ಬೆನ್ನ ಮೇಲೆ ಆರು ಪುಟ್ಟ ಪಟ್ಟಿಗಳಿದ್ದವು. ಒಡೆದ ಚೂರು ನರದ ಪಕ್ಕದಲ್ಲೇ ಇತ್ತು, ಒಂದು ಒದೆ ಬಿದ್ದಿದ್ದರೂ ಕಾಲು ಹೋಗಬಹುದಿತ್ತು ಎಂದು ಡಾಕ್ಟರ್ ಎಕ್ಸರೇ ಫೋಟೋ ತೋರಿಸಿದರು.

ಸಂಜೆ ಕಾಕಾ ಬಂದು, "ದೇವರು ದೊಡ್ಡಾಂವ," ಎಂದರು.

ದೊಡ್ಡವ್ವ ಫೋಟೋ ಅವರ ಮುಂದೆ ಹಿಡಿದಳು. "ದೇವರನ್ನ ಬಿಡ್ರಿ, ಇದನ್ನ ನೋಡ್ರಿ. ಸಣ್ಣಾಕಿದ್ದಾಗಿಂದ ಎಷ್ಟು ಬೆನ್ನಿಗೆ ಒದಸೀರಿ ನನ್ನ ಕಡೆಯಿಂದ? ಆಮ್ಯಾಲೆ ಹಾಸಿಗಿ ಹಿಡದು ಸತ್ತು ಹ್ವಾದವರೂ ಇದ್ರಲ್ಲ. ಅವರಾಗ ಹಿಂಗ ಮಣಿ ಒಡದವರು ಎಷ್ಟು ಮಂದಿ ಇದ್ರು?"

ಕಾಕಾ ಫೋಟೋಕ್ಕೆ ಕೈ ಚಾಚಲಿಲ್ಲ. ಅವಳೂ ಹಿಡಿದ ಕೈ ಇಳಿಸಲಿಲ್ಲ.