ಸಕ್ಕರೆ ಅಚ್ಚಿನಲ್ಲಿ ಒತ್ತಿದ ಸೋಪು

ಆ ಮರದ ಅಚ್ಚುಗಳು ನನ್ನವು. ಮದುವೆಯಾದಾಗ ನನ್ನ ಅವ್ವ ಕೊಳಾಲದಿಂದ ನನ್ನ ಪೆಟ್ಟಿಗೆಯೊಳಗೆ ಇಟ್ಟು ಕಳಿಸಿದ್ದವು. ಗಿಳಿ, ಆನೆ, ಮಾವಿನಕಾಯಿ, ತುಳಸಿಕಟ್ಟೆ. ಒಂದೊಂದೂ ಎರಡು ಹೋಳು. ಜೋಡಿಸಿ ದಾರ ಸುತ್ತಿ, ಮೇಲಿನ ತೂತಿನಿಂದ ಪಾಕ ಹೊಯ್ದರೆ ಸಂಕ್ರಾಂತಿಯ ಎಳ್ಳಿನ ತಟ್ಟೆಗೆ ಸಕ್ಕರೆಯ ಗಿಳಿ ಸಿದ್ಧ. ಮಕ್ಕಳೇ, ಇದನ್ನು ಮೊದಲೇ ಬರೆಯುತ್ತಿದ್ದೇನೆ. ಏಕೆಂದರೆ ಅವು ಯಾರವು ಎಂಬುದನ್ನೇ ನನ್ನ ಗಂಡನ ಮನೆಯವರು ಮರೆತುಬಿಟ್ಟಿದ್ದರು.

ನಿಮ್ಮ ತಾತ ಎಪ್ಪತ್ತರ ದಶಕದ ಕೊನೆಯಲ್ಲಿ ತೀರಿಕೊಂಡರು. ಬಡವನಹಳ್ಳಿ ಹತ್ತಿರದ ಆ ಮನೆಯಲ್ಲಿ ಉಳಿದವರು ನಾನು, ಮೂರನೇ ಕ್ಲಾಸಿನಲ್ಲಿದ್ದ ನಿಮ್ಮ ಅಮ್ಮ, ನಿಮ್ಮ ತಾತನ ಅಣ್ಣ ಮತ್ತು ಅವರ ಹೆಂಡತಿ. ಆ ಓರಗಿತ್ತಿಯನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಮೊದಲ ಸಂಕ್ರಾಂತಿ ಬರುತ್ತಿದ್ದಂತೆ ಅಕ್ಕ ಹೇಳಿದರು:

"ನೀನಿನ್ನು ಎಳ್ಳು ಬೀರಕ್ಕೆ ಓಗಂಗಿಲ್ಲ. ಅಚ್ಚು ನಿನ್ಗೆ ಯಾಕೆ? ಇತ್ಲಾಗೆ ಕೊಡು."

ನಾನು ಕೊಡಲಿಲ್ಲ. ನನಗೆ ಮೊದಲಿನಿಂದಲೂ ಮಾತು ಕಡಿಮೆ. ಸುಮ್ಮನೆ ಪೆಟ್ಟಿಗೆಯ ಮುಚ್ಚಳ ಹಾಕಿದೆ. ಆದರೆ ಎದೆಯೊಳಗೆ ಕೆಂಡ ಬಿದ್ದಿತ್ತು. ಗಂಡನ ಜೊತೆ ನನ್ನ ತವರಿನ ಮರದ ಗಿಳಿಯೂ ಸಾಯಬೇಕಿತ್ತೇ?

ಸೋಪು ಶುರುವಾದದ್ದು ನಿಮ್ಮ ಅಮ್ಮನಿಂದ. ಮಧುಗಿರಿಯ ಒಂದು ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಹೂವಿನ ಆಕಾರದ ಸೋಪು ಕಂಡು ಅವಳು ಅಲ್ಲೇ ನಿಂತುಬಿಟ್ಟಳು. ಕೊಳ್ಳುವ ಶಕ್ತಿ ನನಗಿರಲಿಲ್ಲ. ಅದೇ ಅಂಗಡಿಯವರು ಮೂಲೆ ಮುರಿದ, ಕಾಗದ ಹರಿದ ಸೋಪುಗಳನ್ನು ಒಂದು ಡಬ್ಬದಲ್ಲಿ ಅಗ್ಗಕ್ಕೆ ಇಟ್ಟಿದ್ದರು. ಅವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದೆ.

ಕೊಬ್ಬರಿ ತುರಿಯುವ ಹಾಗೆ ತುರಿದೆ. ಲಾವಂಚದ ಬೇರು ಕುದಿಸಿದ ನೀರನ್ನು ಚಿಮುಕಿಸುತ್ತಾ ಚಪಾತಿ ಹಿಟ್ಟಿನಂತೆ ನಾದಿದೆ. ನೀರು ಹೆಚ್ಚಾದರೆ ಅಚ್ಚಿಗೆ ಅಂಟುತ್ತದೆ, ಕಡಿಮೆಯಾದರೆ ಗಿಳಿಯ ಕುತ್ತಿಗೆಯೇ ಬಿರುಕು ಬಿಡುತ್ತದೆ. ಅಚ್ಚಿಗೆ ಎಣ್ಣೆ ಸವರಿ, ಎರಡೂ ಹೋಳಿಗೆ ತುಂಬಿ, ಒತ್ತಿ ಜೋಡಿಸಿ, ಬಿಡಿಸಿ, ನೆರಳಲ್ಲಿ ಒಣಗಿಸಿದೆ. ಹಳದಿ ಬರಲಿ ಎಂದು ಅರಿಶಿನ ಕಲಸಿದರೆ ಅದು ಸೋಪಿಗೆ ತಾಕಿ ಕೆಂಪಾಯಿತು.

"ಅವ್ವ, ಕುಂಕುಮ ಹಾಕ್ಬುಟ್ಯಾ?" ಎಂದಳು ನಿಮ್ಮ ಅಮ್ಮ.

"ನನ್ಗೆ ಕುಂಕುಮ ಯಾರು ಕೊಡ್ತಾರೆ ಕಣಮ್ಮ," ಎಂದೆ. ನಗುತ್ತಲೇ ಅಂದೆ, ಆದರೆ ಹಲ್ಲು ಕಚ್ಚಿಕೊಂಡು.

ಊರಿಗೆ ಬರುತ್ತಿದ್ದ ನರ್ಸಮ್ಮ ಒಂದು ಗಿಳಿ ಕೊಂಡರು. ಅವರನ್ನು ನೋಡಿ ಪುರವರದ ಟೀಚರಮ್ಮಂದಿರು ಕೊಂಡರು. ನಿಮ್ಮ ಅಮ್ಮನ ಪುಸ್ತಕಕ್ಕೆ, ಲಂಗಕ್ಕೆ ನಾನು ಭಾವನ ಮುಂದೆ ಕೈಚಾಚುವುದು ತಪ್ಪಿತು. ಅಕ್ಕನಿಗೆ ಅದು ಹಿಡಿಸಲಿಲ್ಲ.

ಮುಂದಿನ ಸಂಕ್ರಾಂತಿಯ ಹೊತ್ತಿಗೆ ನನ್ನ ತಮ್ಮನಿಗೆ ಹುಷಾರಿಲ್ಲವೆಂದು ಶಿರಾಕ್ಕೆ ಹೋಗಿದ್ದೆ. ಹಬ್ಬದ ಹಿಂದಿನ ದಿನ ಬಂದು ನೋಡಿದರೆ ನನ್ನ ಪೆಟ್ಟಿಗೆ ತೆರೆದಿತ್ತು. ಅಡುಗೆಮನೆಯ ಹಿತ್ತಾಳೆ ತಟ್ಟೆಯಲ್ಲಿ ಬೆಳ್ಳಗೆ ಸಕ್ಕರೆಯ ಗಿಳಿಗಳು ಸಾಲಾಗಿ ಕೂತಿದ್ದವು.

"ಅಕ್ಕ, ಅದ್ರಲ್ಲಿ ನಾನು ಸೋಪು ಒತ್ತಿವ್ನಿ. ಮರ ಎಲ್ಲಾ ಈರ್ಕೊಂಡೈತೆ. ಇದನ್ನ ಬೀರಬ್ಯಾಡಿ."

"ಸೀಗೇಪುಡಿ ಹಾಕಿ ತಿಕ್ಕಿ, ರಾತ್ರಿಯೆಲ್ಲಾ ನೀರಲ್ಲಿ ನೆನೆಹಾಕಿವ್ನಿ, ಸುಮ್ಕಿರು. ಹಬ್ಬ ಮಾಡೋರ ಕಂಡ್ರೆ ನಿನ್ಗೆ ಹೊಟ್ಟೆಉರಿ."

ಅಕ್ಕ ಮಾಡಿದ್ದು ರೂಢಿಯ ಕೆಲಸವೇ. ಪಾಕ ಅಂಟದಿರಲೆಂದು ಸಕ್ಕರೆ ಅಚ್ಚನ್ನು ರಾತ್ರಿಯಿಡೀ ನೆನೆಸುತ್ತಾರೆ. ಆದರೆ ನೆನೆದ ಮರ ಉಬ್ಬಿ, ವರ್ಷವೆಲ್ಲ ಕುಡಿದಿದ್ದ ಸೋಪನ್ನು ಬಿಟ್ಟುಕೊಟ್ಟಿತ್ತು. ಬಿಸಿ ಪಾಕ ಅದನ್ನೆಲ್ಲ ಎಳೆದುಕೊಂಡಿತ್ತು. ತಟ್ಟೆಯ ಹತ್ತಿರ ಬಗ್ಗಿದರೆ ಲಾವಂಚದ ವಾಸನೆ ನನ್ನ ಮೂಗಿಗೆ ಬಡಿಯಿತು. ಅಕ್ಕನಿಗೆ ನೆಗಡಿ. ಮತ್ತೊಮ್ಮೆ ಹೇಳಬಹುದಿತ್ತು. ಯಾಕೆ ಹೇಳಬೇಕು? ಒಂದು ಸಲ ಹೇಳಿದ್ದೆನಲ್ಲ.

ಮಾರನೆಯ ದಿನ ಅಕ್ಕ ರೇಷ್ಮೆ ಸೀರೆ ಉಟ್ಟು ಎಳ್ಳು ಬೀರಲು ಹೋದರು. ಎದುರುಮನೆಯ ಅಜ್ಜಿ ಗಿಳಿಯ ತಲೆಯನ್ನು ಬಾಯಿಗೆ ಹಾಕಿಕೊಂಡು ಜಗಿದದ್ದೇ ತಡ, ತುಟಿಯ ಕೊನೆಯಲ್ಲಿ ನೊರೆ ಬಂತು. ಅವರ ದನಿ ಬೀದಿಯಾಚೆಯ ನಮ್ಮ ನಡುಮನೆಗೇ ಕೇಳಿಸಿತು.

"ಲೇ ಇವ್ಳೇ, ಇದೇನೇ ಇದು? ಎಳ್ಳು ತಿಂದು ಒಳ್ಳೆ ಮಾತಾಡು ಅಂತ ಕೊಟ್ಯೋ, ಬಾಯಿ ತೊಳ್ಕೊಂಡು ಬಾ ಅಂತ ಕೊಟ್ಯೋ?"

ಬೀದಿಯೆಲ್ಲ ನಕ್ಕಿತು. "ನಮ್ಗೂ ಎರಡು ಕೊಡವ್ವ, ಬಟ್ಟೆ ಒಗೆಯೋದೈತೆ," ಎಂದು ಇನ್ನೊಬ್ಬಳು ಕೂಗಿದಳು.

ಅಕ್ಕ ಮನೆಗೆ ಬಂದು ತಟ್ಟೆ ಎಸೆದರು. "ಈ ಮುಂಡೆ ಮುಟ್ಟಿದ್ದಕ್ಕೇ ಇಂಗಾಯ್ತು," ಎಂದರು. ಸೋಪು ಒತ್ತಿದ್ದಕ್ಕೆ ಅಲ್ಲ, ಕೇಳದೆ ಪೆಟ್ಟಿಗೆ ತೆಗೆದದ್ದಕ್ಕೆ ಅಲ್ಲ, ನಾನು ಮುಟ್ಟಿದ್ದಕ್ಕೆ! ಭಾವ ಒಂದು ಮಾತೂ ವಿಚಾರಿಸದೆ ಅಚ್ಚುಗಳನ್ನು ಬಾಚಿಕೊಂಡು ನೀರೊಲೆಯ ಕಡೆ ಹೊರಟರು.

ಅಷ್ಟು ವರ್ಷ ನಾನು ಭಾವನೆದುರು ನಿಂತು ಮಾತಾಡಿದವಳಲ್ಲ. ಅವತ್ತು ಬಚ್ಚಲಮನೆಯ ಬಾಗಿಲಿಗೆ ಅಡ್ಡ ನಿಂತೆ.

"ಭಾವ, ಅವು ನಮ್ಮವ್ವನ ಮನೇವು. ಒಲೆಗೆ ಹಾಕ್ಬುಟ್ರೆ ನಾಳೆ ನಾಕು ಜನಾನ ಕರೆಸ್ತೀನಿ. ನನ್ ಗಂಡನ ಪಾಲಿನ ಹೊಲ ಅಳೆಸಿ ಕೊಡಿ, ನಾನೂ ನನ್ ಮಗಳೂ ಬ್ಯಾರೆ ಇರ್ತೀವಿ."

ಭಾವ ನನ್ನ ಮುಖ ನೋಡಿದರು. ಹೊಲ ಎಂಬ ಮಾತು ನನ್ನ ಬಾಯಲ್ಲಿ ಬರುತ್ತದೆಂದು ಅವರು ಎಣಿಸಿರಲಿಲ್ಲ. "ಹೆಂಗಾದ್ರೂ ಸಾಯ್ರಿ," ಎಂದು ಅಚ್ಚುಗಳನ್ನು ನೆಲದ ಮೇಲೆ ಬಿಟ್ಟು ಹೊರಗೆ ಹೋದರು. ಆನೆಯ ಒಂದು ಹೋಳು ಸೀಳಿಹೋಯಿತು. ಉಳಿದದ್ದನ್ನು ಆಯ್ದುಕೊಂಡೆ.

ಅಷ್ಟಕ್ಕೇ ಮುಗಿಯಲಿಲ್ಲ. ಎಂಬತ್ತರ ದಶಕದಲ್ಲಿ, ಪಾಲಾಗದೆ ಎಲ್ಲರೂ ಇನ್ನೂ ಒಟ್ಟಿಗೇ ಇದ್ದಾಗ, ಅಕ್ಕನ ತಂಗಿಯ ಮಗಳ ಮದುವೆ ನಮ್ಮ ಮನೆಯಲ್ಲೇ ನಡೆಯಿತು. ಪಾವಗಡದ ಕಡೆಯ ಗಂಡು. ಬೀಗರಿಗೆ ಕೊಡುವ ತಟ್ಟೆಗಳಲ್ಲಿ ಕನ್ನಡಿ, ಬಾಚಣಿಗೆಯ ಪಕ್ಕ ಗಿಳಿ ಸೋಪು ಇಟ್ಟರೆ ಚೆನ್ನ ಎಂದು ಅಕ್ಕನಿಗೆ ಹೊಳೆಯಿತು. ತಾವೇ ನನ್ನ ಬಳಿ ಬಂದು ಕೂತರು.

"ನಿನ್ ಕೈಕೆಲ್ಸ ಚೆಂದ ಕಣೆ. ಒಂದಿಷ್ಟು ಮಾಡ್ಕೊಡು. ಮದ್ವೆ ದಿನ ನೀನು ಹಿತ್ಲಾಗೆ ಅಡುಗೆ ಹತ್ರ ಇರು, ತಟ್ಟೆ ನಾವು ಜೋಡಿಸ್ಕೊಂತೀವಿ."

ಹಿತ್ತಿಲಲ್ಲಿರಬೇಕಂತೆ! ನನ್ನ ಕೈ ಬೇಕು, ನಾನು ಬೇಡ.

"ಮಾಡ್ಕೊಡ್ತೀನಿ ಅಕ್ಕ," ಎಂದೆ. "ಆದ್ರೆ ಚಪ್ಪರದಾಗೆ, ಎಲ್ಲಾರ ಮುಂದೆ, ತಟ್ಟೆಗೆ ನಾನೇ ಇಡ್ತೀನಿ."

"ಅದೆಂಗಾಯ್ತದೆ?"

"ಅಂಗಾದ್ರೆ ಸೋಪೂ ಆಗಕ್ಕಿಲ್ಲ."

ಅಕ್ಕ ಎದ್ದು ಹೋದರು. ಬೀಗರ ತಟ್ಟೆಗಳಲ್ಲಿ ಅಂಗಡಿಯ ಸೋಪು ಕೂತಿತು. ಮದುವೆಯ ದಿನ ನಾನು ಹಿತ್ತಿಲಿಗೂ ಹೋಗಲಿಲ್ಲ, ಚಪ್ಪರಕ್ಕೂ ಹೋಗಲಿಲ್ಲ. ನನ್ನ ಕೋಣೆಯ ಬಾಗಿಲನ್ನು ಅಗಲವಾಗಿ ತೆರೆದಿಟ್ಟು, ಓಡಾಡುವವರಿಗೆಲ್ಲ ಕಾಣುವಂತೆ ಕೂತು, ನರ್ಸಮ್ಮ ಮಾಡಿಕೊಡಲು ಹೇಳಿದ್ದ ಗಿಳಿ ಸೋಪುಗಳನ್ನು ಒತ್ತುತ್ತಿದ್ದೆ.