ಕಾಲರಿಗೆ ಮೂರು ಹೊಲಿಗೆ

ಐದನೇ ಕ್ಲಾಸು ಮುಗಿಸಿದ ಮಕ್ಕಳನ್ನು ಯಾವ ಸರ್ಕಾರಿ ಶಾಲೆಗೆ ಹಾಕಬೇಕೆಂದು ಹೆತ್ತವರು ಕೇಳುತ್ತಿದ್ದುದು ದರ್ಜಿಯನ್ನು. ರಿಪೇರಿಗೆ ಬಂದ ಯೂನಿಫಾರ್ಮ್ ನೋಡಿಯೇ ಅವನು ಹೇಳಿಬಿಡುತ್ತಿದ್ದ: "ಮಂಡಿ ಹರಿದಿದ್ರೆ ಆಟ ಆಡಿಸ್ತಾರೆ ಅಂತ, ಸೇರಿಸಿ. ಸೇತುವೆ ಆಚೆ ಶಾಲೇದು ಬರೀ ಕಾಲರ್ ಹರಿದು ಬರುತ್ತೆ. ಹೊಡೆದಾಟ. ಅಲ್ಲಿಗೆ ಮಾತ್ರ ಬೇಡ."

ಅವನ ಮಾತು ಕೇಳಿ ಎಲ್ಲರೂ ಮಂಡಿ ಹರಿಯುವ ಶಾಲೆಗೇ ಮುಗಿಬಿದ್ದರು. ಕೊನೆಗೆ ಸೀಟಿಗೆ ಚೀಟಿ ಎತ್ತಬೇಕಾಯಿತು. ಅವನ ಮಗಳಿಗೆ ಸಿಕ್ಕಿದ್ದು ಸೇತುವೆ ಆಚೆಯ ಶಾಲೆ.

ಹೆಂಡತಿ ಯೂನಿಫಾರ್ಮ್ ಬಟ್ಟೆ ತಂದು ಮುಂದಿಟ್ಟಳು. ಅವನು ಅಂಗಿ ಹೊಲಿದು, ಕಾಲರಿಗೆ ಒಂದರ ಮೇಲೊಂದು ಮೂರು ಹೊಲಿಗೆ ಹಾಕಿದ.

ಮಗಳು ತೊಟ್ಟು ನೋಡಿದಳು. "ಅಪ್ಪಾ, ಇದು ಹರಿಯೋದೇ ಇಲ್ವಲ್ಲ. ಯಾರಾದ್ರೂ ಹಿಡ್ಕೊಂಡ್ರೆ ನಾನು ಹೇಗೆ ಬಿಡಿಸ್ಕೊಳ್ಳಲಿ?"

ದರ್ಜಿ ಅಂಗಿ ಬಿಚ್ಚಿಸಿಕೊಂಡು, ಬ್ಲೇಡು ಹಿಡಿದು ಎರಡು ಹೊಲಿಗೆ ಕಿತ್ತ.